ಅವ್ವನ ದನಿ ತಿದ್ದಿದ ಸ್ಪೀಕರು

ಆಗ ಅಗ್ಗದ ಸ್ಪೀಕರುಗಳೆಲ್ಲ ಹಾಡುವವರ ದನಿಯನ್ನು ತಾವೇ ತಿದ್ದಿ ಇಂಪು ಮಾಡುತ್ತಿದ್ದವು. ಇದ್ದದ್ದನ್ನು ಇದ್ದ ಹಾಗೆ ಕೇಳಿಸುವ ಸ್ಪೀಕರು ಜೋಡಿ ಸಾಹುಕಾರರಿಗಷ್ಟೇ ಎಟುಕುತ್ತಿತ್ತು. ಮನೆಗೊಂದು ಅಗ್ಗದ ಜೋಡಿ ಕೊಳ್ಳಲು ಅಂಗಡಿಗೆ ಬಂದ ಗದಗಿನ ದರ್ಜಿ ಫಕೀರವ್ವ, ಫೋನಿನಲ್ಲಿ ಹಿಡಿದಿಟ್ಟಿದ್ದ, ತೀರಿಹೋದ ತಾಯಿಯ ಬೀಸುವ ಪದವನ್ನು ಹಾಕಿಸಿದಳು. ಎಡಬಲದ ಡಬ್ಬಿಗಳಿಂದ ಯಾವಳೋ ಹುಡುಗಿಯ ನುಣ್ಣನೆಯ ದನಿ ಬಂತು.

"ಇಕಿ ಯಾರು?"

"ನಿಮ್ಮ ಅವ್ವಾರ ಅಲ್ಲೇನ್ರೀ, ಅಕ್ಕಾರ? ಒಡಕು ತಗದು ಚಂದ ಮಾಡೇತ್ರಿ," ಎಂದ ಅಂಗಡಿಯ ಮೆಹಬೂಬ.

ಫಕೀರವ್ವನ ಮೈಯೆಲ್ಲ ಉರಿಯಿತು. "ಹೊಲದಾಗ ಹಕ್ಕಿ ಕಾದು, ಕೂಗಿ ಕೂಗಿ ಒಡದ ದನಿ ಅದು. ತಿದ್ದಾಕ ಇವರ್ಯಾರು? ಬಿಚ್ಚು, ಆ ತಿದ್ದೂದನ್ನ ಕಿತ್ತು ಒಗಿ!"

"ಗ್ಯಾರಂಟಿ ಹೋಗತೈತ್ರೀ."

"ಹೋಗ್ಲಿ!"

ಮೆಹಬೂಬ ಡಬ್ಬಿಗಳನ್ನು ಬಿಚ್ಚಿ ದನಿ ತಿದ್ದುವ ಉಗುರಿನಗಲದ ಚಿಪ್‌ಗಳನ್ನು ಕಿತ್ತ. ಗೊಗ್ಗರು ದನಿಯೊಂದು ಅಂಗಡಿ ತುಂಬಿತು. ಫಕೀರವ್ವ ತಾನೇ ಸದ್ದು ಏರಿಸಿ, ಎರಡೂ ಡಬ್ಬಿಗಳನ್ನು ಬೀದಿಯ ಕಡೆಗೆ ತಿರುಗಿಸಿದಳು.