ಒಳಗನ್ನಡಿ

ಎಲ್ಲರ ಮನೆಯಂತೆ ಅಂಬುಜಳ ಅಡುಗೆಮನೆಯಲ್ಲೂ ಒಳಗನ್ನಡಿ ಇತ್ತು. ಎದುರು ನಿಂತವರ ಮೈಯೊಳಗನ್ನು ಅದು ತೋರಿಸುತ್ತಿತ್ತು. ದಿನವೂ ಮಗಳು ಇಂಚರಳಿಗೆ ಕೆಂಪು ಬಣ್ಣದ ಔಷಧಿ ಕುಡಿಸಿ, ಹಿಂದೆ ನಿಂತು ಜಡೆ ಹೆಣೆಯುತ್ತ, ಅವಳ ಯಕೃತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಕೂತ ಕರಿಗಂಟನ್ನು ನೋಡುತ್ತಿದ್ದಳು. ಬಣ್ಣ ಹೀರದಿದ್ದರೆ ಅದು ಬರೀ ರಕ್ತ, ಕರಗುತ್ತದೆ. ಹೀರಿದರೆ ಕ್ಯಾನ್ಸರ್ ಎಂದಿದ್ದರು ಡಾಕ್ಟರು. ಇಂಚರಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

"ಅಮ್ಮಾ, ನೋಡಿಲ್ಲಿ! ಕಪ್ಪೆಲ್ಲ ಹೋಗಿ ಕೆಂಪಾಗಿದೆ. ದಾಸವಾಳದ ಮೊಗ್ಗಿನ ಥರ!"

ಅಂಬುಜಳ ಕೈ ಜಡೆಯಲ್ಲೇ ನಿಂತಿತು.

"ಹುಷಾರಾದ್ನಲ್ವಾ? ನಾಳೆ ಸ್ಕೂಲಿಗೆ ಹೋಗ್ಲಾ?"

"ಹೋಗುವಂತೆ, ಬಂಗಾರಿ."

ತನ್ನ ಎದೆ ಹೊಡೆದುಕೊಳ್ಳುವುದು ಮಗಳಿಗೆ ಕಾಣದಂತೆ ಅವಳು ಕನ್ನಡಿಯಿಂದ ಪಕ್ಕಕ್ಕೆ ಸರಿದಳು. ಅರ್ಧ ಹೆಣೆದಿದ್ದ ಜಡೆಯನ್ನು ಬಿಚ್ಚಿ, ಮೊದಲಿನಿಂದ ಹೆಣೆಯತೊಡಗಿದಳು.