ಅಂಟಿದ ತುದಿಗಳು

"ಈ ಸ್ಲೈಡು ಡಬ್ಬಿ ಯಾರದ್ದು?" ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಕೇಳಿದಾಗ ಭೂತಗನ್ನಡಿಯವರಿಗೆ ನಗು ಬಂತು. ಲ್ಯಾಬಿನಲ್ಲಿ ಸ್ಲೈಡು ಓದುತ್ತ ಇಪ್ಪತ್ತಾರು ವರ್ಷ ಸವೆಸಿದ ಅವರಿಗೆ ಕಿರಿಯರು ಇಟ್ಟಿದ್ದ ಅಡ್ಡಹೆಸರು ಭೂತಗನ್ನಡಿ. ಬೆನ್ನ ಹಿಂದೆ ಇಟ್ಟದ್ದಾದರೂ ಅವರಿಗೆ ಒಳಗೊಳಗೇ ಹೆಮ್ಮೆ.

"ಅದು ಕಸ ಮೇಡಂ. ನಮ್ಮ ಸ್ಲೈಡು ಮಾಡೋ ಹುಡುಗಿಯ ಕೈಗುಣ."

"ಕಸ ಅಲ್ಲ ಸಾರ್. ಬನ್ನಿ, ದೊಡ್ಡದು ಮಾಡಿ ನೋಡಿ."

ಅವರು ಮೈಕ್ರೋಸ್ಕೋಪಿಗೆ ಬಗ್ಗಿದರು. ಕೋಶಗಳಿರುವ ದ್ರಾವಣದ ಹನಿ ಗಾಜಿನ ಮೇಲೆ ಸರಿಯಾಗಿ ಬೀಳದಿದ್ದರೆ ವರ್ಣತಂತುಗಳು ಹರಡಿಕೊಳ್ಳದೆ ಒಂದರ ಮೇಲೊಂದು ಬೀಳುತ್ತವೆ. ಅಂಥದ್ದನ್ನು ಎಣಿಸಬಾರದು ಎಂಬುದು ಆ ಕಸುಬಿನ ಮೊದಲ ಪಾಠ. ಹಾಗಾಗಿ ಅಂಟಿದಂತೆ ಕಂಡದ್ದೇ ತಡ, ಎರಡನೇ ಸಲ ನೋಡುವ ಗೋಜಿಗೂ ಹೋಗದೆ ಅವರು "ಎಸಿ" ಎನ್ನುತ್ತಿದ್ದರು. ಈಗ ನೋಡಿದರೆ ಯಾವುದೂ ಯಾವುದರ ಮೇಲೂ ಬಿದ್ದಿರಲಿಲ್ಲ. ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡು ಒಂದೇ ಆಗಿದ್ದವು.

"ತುದಿ ಕಾಯೋ ಟೆಲೊಮಿಯರ್ ಸವೆದು ಹೋಗಿದೆ, ಅದಕ್ಕೇ ಒಂದಕ್ಕೊಂದು ಅಂಟ್ಕೊಂಡಿವೆ," ಎಂದರು ಮೇಡಂ. ಖುಷಿಗೆ ಅವರ ಮಾತು ಓಡುತ್ತಿತ್ತು. "ಕೋಶ ಎರಡಾಗೋವಾಗ ಇದನ್ನ ಆ ಕಡೆ ಈ ಕಡೆ ಎಳೆಯತ್ತೆ. ಎಲ್ಲೋ ಹರಿಯತ್ತೆ, ಹರಿದದ್ದು ಇನ್ನೆಲ್ಲೋ ಹೋಗಿ ಅಂಟ್ಕೊಳ್ಳತ್ತೆ. ಹೆಚ್ಚಿನ ಕೋಶ ಇದರಲ್ಲೇ ಸಾಯ್ತವೆ. ಸಾಯದೆ ಉಳಿಯೋ ಒಂದೆರಡು ಇರ್ತಾವಲ್ಲ, ಕ್ಯಾನ್ಸರ್ ದಾರಿ ಹಿಡಿಯೋದು ಅವೇ ಇರಬಹುದು. ವರ್ಷದಿಂದ ನಾವು ಹುಡುಕ್ತಿರೋದು ಇದನ್ನೇ! ಮುಚ್ಚಳದ ಮೇಲೆ ನೋಡಿ: ಕೋಶ ಬೆಳೆಸೋಕೆ ಶುರು ಮಾಡಿದ ಇಪ್ಪತ್ತನೇ ವಾರ ಇಂಥವು ಎರಡು ಸ್ಲೈಡು, ಮೂವತ್ತಕ್ಕೆ ಒಂಬತ್ತು, ಮೂವತ್ತಾರಕ್ಕೆ ನಲವತ್ತು. ಕೋಶಕ್ಕೆ ವಯಸ್ಸಾದ ಹಾಗೆಲ್ಲ ಜಾಸ್ತಿ ಆಗಿದೆ. ಎಸೀದೆ ಜೋಡಿಸಿಟ್ಟಿದೀರಲ್ಲ, ಇದು ನಿಮ್ಮಂಥ ಕಣ್ಣಿಗೆ ಮಾತ್ರ ಸಾಧ್ಯ ಸಾರ್!"

ಭೂತಗನ್ನಡಿಯವರು ಮುಚ್ಚಳ ನೋಡಿದರು; ಅಕ್ಷರ ಸ್ಲೈಡು ಮಾಡೋ ಹುಡುಗಿಯದು. ಮೂರು ತಿಂಗಳ ಹಿಂದೆ ಆ ಹುಡುಗಿ ಇದೇ ಮೇಜಿನ ಹತ್ತಿರ ಬಂದು, "ಕೋಶಾನೇ ಹೀಗಿರಬಹುದಾ ಸಾರ್?" ಎಂದು ಅಂಜುತ್ತ ಕೇಳಿದ್ದಳು. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವರು ನಾಲ್ಕು ಜನರ ಮುಂದೆ ಹೇಳಿ ಎಲ್ಲರನ್ನೂ ನಗಿಸಿದ್ದರು. ಸೋಮವಾರವಷ್ಟೇ "ಕೈ ಒರಟು, ಇವಳನ್ನು ಕೆಲಸದಲ್ಲಿ ಮುಂದುವರಿಸುವುದು ಬೇಡ" ಎಂದು ಬರೆದು ಸಹಿ ಹಾಕಿ ಮೇಡಂಗೆ ಕಳಿಸಿದ್ದರು. ಇವತ್ತು ಅವಳ ಕೊನೆಯ ದಿನ.

ಬಾಯಿ ತೆರೆಯಲು ಅವರಿಗೆ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಅವರು ಹೊಗಳಿಕೆಯನ್ನು ಚಪ್ಪರಿಸಿದ್ದು ಸುಳ್ಳಲ್ಲ. ಆಮೇಲೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ಇಟ್ಟಿದ್ದು ನಾನಲ್ಲ ಮೇಡಂ. ನಾನು ಎಸಿ ಅಂದಿದ್ದೆ. ಅವಳು ಇಟ್ಟಿದ್ದಾಳೆ."

ಮೇಡಂ ಕನ್ನಡಕ ತೆಗೆದರು. "ಮತ್ತೆ ಅವಳ ಕೈ ಸರಿಯಿಲ್ಲ ಅಂತ ಬರೆದು ಕೊಟ್ರಲ್ಲ?"

"ಅದನ್ನ ಹರಿದು ಹಾಕಿ."

"ಹರಿದು ಹಾಕ್ತೀನಿ. ಆದ್ರೆ ಅವಳಿಗೆ ನೀವೇ ಹೇಳಬೇಕು."

ಅಷ್ಟರಲ್ಲಿ ಅವಳೇ ಬಂದಳು. ಒಂದು ಕೈಯಲ್ಲಿ ಮಡಚಿದ ಬಿಳಿ ಕೋಟು, ಇನ್ನೊಂದರಲ್ಲಿ ಕಪಾಟಿನ ಕೀ. ಮೇಜಿನ ಮೇಲಿನ ಡಬ್ಬಿ ಕಂಡು ಅವಳ ಮುಖ ಬಿಳಿಚಿಕೊಂಡಿತು.

"ತಪ್ಪಾಯ್ತು ಸಾರ್, ಈಗ್ಲೇ ಎಸೆದುಬಿಡ್ತೀನಿ."

"ಬೇಡಮ್ಮ," ಎಂದರು ಭೂತಗನ್ನಡಿಯವರು. ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. "ಸ್ಲೈಡೆಲ್ಲ ಸರಿಯಾಗೇ ಇದೆ. ತಪ್ಪು ನಿನ್ನ ಕೈಯದ್ದಲ್ಲ, ನನ್ನ ಕಣ್ಣಿಂದು. ನೀನು ಎಲ್ಲೂ ಹೋಗಬೇಕಾಗಿಲ್ಲ."

ಅವಳಿಗೆ ನಂಬಿಕೆಯೇ ಬರಲಿಲ್ಲ. ಮೇಡಂ ಹೌದೆಂದು ತಲೆಯಾಡಿಸಿದ ಮೇಲೆ ಕೋಟನ್ನು ಎದೆಗೆ ಅವುಚಿಕೊಂಡಳು.

"ಎಸಿ ಅಂದ್ರೂ ಇಟ್ಕೊಂಡಿದೀಯಲ್ಲ," ಭೂತಗನ್ನಡಿಯವರ ದನಿ ಇಳಿಯಿತು, "ನಾನು ತಪ್ಪು ಅಂತ ನಿನಗೆ ಗೊತ್ತಿತ್ತಾ?"

"ಅಯ್ಯೋ, ಇಲ್ಲ ಸಾರ್! ನಾನು ಚೆನ್ನಾಗಿ ಮಾಡೋದು ಕಲಿತ ದಿನ ನಿಮಗೆ ತೋರಿಸೋಣ ಅಂತ ಇಟ್ಟಿದ್ದೆ, ಮೊದ್ಲು ಎಷ್ಟು ಕೆಟ್ಟದಾಗಿ ಮಾಡ್ತಿದ್ದೆ ಅಂತ."