ಎನಿಡ್ ಕೇಳಿದ ಅಪ್ಪಣೆ

ಎನಿಡ್ ಕೈಚೀಲವನ್ನು ಎದೆಗವಚಿ ಕೂತ ಪರಿ ನಾರ್ಮನ್‌ಗೆ ಹಿಡಿಸಲಿಲ್ಲ. ಚೀಲದ ಬಾಯಿಂದ ಕೌನ್ಸಿಲ್ಲಿನ ಮೊಹರಿದ್ದ ಲಕೋಟೆಗಳ ಕಟ್ಟು ಇಣುಕುತ್ತಿತ್ತು.

‘ಅದೇನೇ ಅದು?’

‘ಪ್ರತಿ ವರ್ಷ ಅಪ್ಪಣೆ ಕೇಳಿ ಬರೀತಿದ್ದೆನಲ್ಲ, ಹುಲ್ಲುಗಾವಲಲ್ಲಿ ಆಟ ಆಡಿಸೋಕೆ? ಅದರ ಉತ್ತರ ಕಣೋ. ನೀನೇ ತಂದುಕೊಟ್ಟಿದ್ದು!’

ನಿವೃತ್ತ ಅಂಚೆಯಣ್ಣ ನಾರ್ಮನ್ ಚಹಾದ ಕಪ್ಪನ್ನು ಕೆಳಗಿಟ್ಟ. ಹುಲ್ಲುಗಾವಲು ಉಳಿಸಲು ಅವನು ನಡೆಸಿದ ಎರಡು ವರ್ಷದ ಓಡಾಟ ನೀರಲ್ಲಿ ಹೋಮ. ಹುಲ್ಲುಗಾವಲು ಕೌನ್ಸಿಲ್ಲಿನದು, ಅಲ್ಲಿ ಮನೆ ಕಟ್ಟಿಸಲು ಅದು ತುದಿಗಾಲಲ್ಲಿ ನಿಂತಿತ್ತು. ಕಾನೂನಿನ ಪ್ರಕಾರ ಮರ್ಥ್‌ವೇಟ್ ಊರಿನ ಜನ ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ, ಹಗಲುಹೊತ್ತು ರಾಜಾರೋಷವಾಗಿ ಅಲ್ಲಿ ಆಡಿದ್ದರೆ ಮಾತ್ರ ಅದು ಊರ ಬಯಲೆಂದು ದಾಖಲಾಗುತ್ತಿತ್ತು. ಆಮೇಲೆ ಒಂದು ಇಟ್ಟಿಗೆಯೂ ಏಳುವಂತಿಲ್ಲ. ಅಪ್ಪಣೆ ಸಿಕ್ಕಿತ್ತು ಎಂದಾದರೆ ಕಥೆ ಮುಗಿದಂತೆ.

‘ಇಡೀ ಊರಲ್ಲಿ ಯಾರೂ ಕೇಳಲಿಲ್ಲ. ನೀನ್ಯಾಕೆ ಕೇಳಿದೆ ಮಾರಾಯ್ತಿ?’

‘ಕೇಳದೆ ಮಾಡೋದು ಮರ್ಯಾದೆಯಾ? ನಿನ್ನ ಬಿಸ್ಕತ್ತು ತೊಗೊಳ್ಳಲಾ?’

ನಾರ್ಮನ್ ಬಾಯಿ ತೆರೆಯುವಷ್ಟರಲ್ಲಿ ಬಿಸ್ಕತ್ತು ಆಕೆಯ ಚಹಾದಲ್ಲಿ ಮುಳುಗೆದ್ದಿತ್ತು. ಅಷ್ಟರಲ್ಲಿ ಹುಲ್ಲುಗಾವಲಿನ ವಿಚಾರಣೆಗೆ ಸಾಕ್ಷಿ ಹೇಳಲು ಆಕೆಗೆ ಕರೆ ಬಂತು.

‘ಚೀಲ ಇಲ್ಲೇ ಬಿಟ್ಟುಹೋಗು,’ ಎಂದು ನಾರ್ಮನ್ ಪಿಸುಗುಟ್ಟಿದ.

‘ಕನ್ನಡಕ ಅದರಲ್ಲೇ ಇದೆಯಲ್ಲ,’ ಎಂದು ಎನಿಡ್ ನಡೆದೇಬಿಟ್ಟಳು.

ಕೌನ್ಸಿಲ್ಲಿನ ಹಳೇ ಕಡತಗಳೆಲ್ಲ ನೆಲಮಾಳಿಗೆಯ ನೀರಿಗೆ ಸಿಕ್ಕಿ ಮುದ್ದೆಯಾಗಿದ್ದವು. ಹಾಗಾಗಿ ಅದರ ವಕೀಲ ಫೆಲ್‌ಗೇಟ್ ಎಲ್ಲ ಸಾಕ್ಷಿಗಳ ಮುಂದೆಯೂ ಒಂದೇ ಗಾಳ ಎಸೆಯುತ್ತಿದ್ದ.

‘ಮೇಡಂ, ಚಮಚದಲ್ಲಿ ಮೊಟ್ಟೆ ಇಟ್ಟು ಓಡೋ ಪಂದ್ಯ ನಡೆಸೋರು ನೀವೇ ತಾನೆ?’

‘ಹೌದು. ಗೆಲ್ಲೋರೆಲ್ಲ ಮೊಟ್ಟೆಗೆ ಅಂಟು ಹಚ್ಚಿರ್ತಾರೆ.’

ಸಭಾಂಗಣ ಗೊಳ್ಳೆಂದಿತು.

‘ಕೌನ್ಸಿಲ್ಲಿನ ಅಪ್ಪಣೆ ಕೇಳಿದ್ರಾ?’

‘ತಪ್ಪದೆ. ಪ್ರತಿ ಮೇ ತಿಂಗಳು.’

ಫೆಲ್‌ಗೇಟ್‌ನ ಮುಖ ಊರಗಲವಾಯಿತು.

‘ಉತ್ತರ ಬಂತಾ?’

‘ಒಂದು ವರ್ಷವೂ ತಪ್ಪಿಲ್ಲ. ಪಾಪ, ಒಳ್ಳೆ ಜನ.’ ಎನಿಡ್ ಚೀಲದಿಂದ ಲಕೋಟೆಗಳ ಕಟ್ಟನ್ನು ಹೊರತೆಗೆದಳು.

‘ಅಧಿಕಾರಿಗಳಿಗೆ ಕೊಡಿ ಮೇಡಂ, ದಯವಿಟ್ಟು ಕೊಡಿ!’

ನಾರ್ಮನ್ ಕಣ್ಣು ಮುಚ್ಚಿಕೊಂಡ. ವಿಚಾರಣಾಧಿಕಾರಿ ಮೊದಲ ಕಾಗದ ಓದಿದರು. ಕೊನೆಯದನ್ನು ಓದಿದರು. ನಡುವಿನವನ್ನೂ ಒಂದೊಂದಾಗಿ ಎಳೆದು ಓದಿದರು. ಆಮೇಲೆ ಫೆಲ್‌ಗೇಟ್‌ನನ್ನು ಕನಿಕರದಿಂದ ನೋಡಿ, ಗಟ್ಟಿಯಾಗಿ ಓದಿದರು:

‘“ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಸದ್ಯದಲ್ಲೇ ತಿಳಿಸಲಾಗುವುದು.” ಇಪ್ಪತ್ತರಲ್ಲೂ ಇದೇ ಒಕ್ಕಣೆ.’

‘ಇನ್ನೂ ತಿಳಿಸಿಲ್ಲ,’ ಎಂದಳು ಎನಿಡ್. ‘ಸುಮ್ನೆ ಕೂತು ಕಾಯೋಕಾಗುತ್ತಾ? ಆಡ್ತಾ ಕಾದ್ವಿ.’